ಹಗುರವಲ್ಲದ ಹಾಡು

ಕುಣಿಸುವ ಹಾಡಿನ ಬಗ್ಗೆ ನಮ್ಮಲ್ಲೊಂದು ತಾತ್ಸಾರವಿದೆ. ಅಳಿಸುವ ಹಾಡಿಗೆ ಬೇಗ ತಲೆದೂಗುತ್ತೇವೆ. ಅದರಲ್ಲಿ ಅನುಭವವಿದೆ, ಆಳವಿದೆ ಎನ್ನುತ್ತೇವೆ. ಕೂತಲ್ಲೇ ಕಾಲು ಆಡಿಸುವಂತೆ ಮಾಡುವ ಹಾಡು ಬಂದರೆ ಮದುವೆ ಮನೆಗೆ, ಗಣಪತಿ ಮೆರವಣಿಗೆಗೆ ಸರಿ ಎಂದು ಪಕ್ಕಕ್ಕೆ ಸರಿಸುತ್ತೇವೆ. ದುಃಖ ಗಂಭೀರ, ಸಂತೋಷ ಹಗುರ ಎಂಬ ಈ ಲೆಕ್ಕವನ್ನು ನಾವು ಯಾರೂ ಕುಳಿತು ಮಾಡಿದ್ದಲ್ಲ, ಎಲ್ಲಿಂದಲೋ ಬಂದು ಮನಸ್ಸಿನಲ್ಲಿ ಕೂತಿದೆ. ಅಮೆರಿಕದ ಗಿಟಾರ್ ವಾದಕ, ಡಿಸ್ಕೋ ಸಂಗೀತದ ದೊಡ್ಡ ಹೆಸರುಗಳಲ್ಲೊಂದಾದ ನೈಲ್ ರಾಡ್ಜರ್ಸ್ ಅವರ ಬದುಕನ್ನು ಓದಿದ ಮೇಲೆ ನನಗಂತೂ ಆ ಲೆಕ್ಕದಲ್ಲಿ ನಂಬಿಕೆ ಉಳಿದಿಲ್ಲ. ಲೋಕವನ್ನೆಲ್ಲ ಕುಣಿಸಿದವರ ಪಾಲಿಗೆ ಬಂದ ಸಂತೋಷ ಎಷ್ಟು ಎಂದು ಹುಡುಕುತ್ತಾ ಹೋದರೆ ಕೈಗೆ ಸಿಗುವುದು ಬಹಳ ಕಡಿಮೆ.

1952ರ ಸೆಪ್ಟೆಂಬರ್ 19ರಂದು ನ್ಯೂಯಾರ್ಕಿನಲ್ಲಿ ಅವರು ಹುಟ್ಟಿದಾಗ ತಾಯಿ ಬೆವರ್ಲಿಗೆ 14 ವರ್ಷ. ಹೆತ್ತ ತಂದೆ ತಾಳವಾದ್ಯ ನುಡಿಸುತ್ತಿದ್ದ ಕಲಾವಿದ. ಚಟಕ್ಕೆ ಬಿದ್ದು ಮಗನ ಬದುಕಿನಲ್ಲಿ ನಿಲ್ಲಲೇ ಇಲ್ಲ. ಮಲತಂದೆ ಬಾಬಿ ಬಿಳಿಯ ಯಹೂದಿ. ಕಪ್ಪು ಹೆಣ್ಣು ಬಿಳಿ ಗಂಡನ್ನು ಮದುವೆಯಾಗುವುದು ಅಮೆರಿಕದ ಹಲವು ರಾಜ್ಯಗಳಲ್ಲಿ ಕಾನೂನಿಗೇ ವಿರುದ್ಧವಾಗಿದ್ದ ಕಾಲವದು. ಮನೆಯಲ್ಲಿ ಜಾಝ್ ಇತ್ತು, ಒಳ್ಳೆಯ ಬಟ್ಟೆಯ ಅಭಿರುಚಿ ಇತ್ತು, ಬುದ್ಧಿವಂತರ ಮಾತುಕತೆ ಇತ್ತು. ಜೊತೆಗೆ ಹೆರಾಯಿನ್ ಇತ್ತು. ತಾಯಿ, ಮಲತಂದೆ ಇಬ್ಬರೂ ಅದರ ದಾಸರು. ಮಾತಾಡುತ್ತಾ ಮಾತಾಡುತ್ತಾ ನಿಂತಲ್ಲೇ ತೂಕಡಿಸುವ ದೊಡ್ಡವರ ನಡುವೆ, ಉಬ್ಬಸದಿಂದ ನರಳುವ, ರಾತ್ರಿ ನಿದ್ದೆ ಬಾರದ ಮಗು ಬೆಳೆಯಿತು. ಸ್ವಲ್ಪ ಕಾಲ ಆರೈಕೆ ಕೇಂದ್ರದಲ್ಲಿ, ಸ್ವಲ್ಪ ಕಾಲ ಅಜ್ಜಿಯ ಬಳಿ, ಸ್ವಲ್ಪ ಕಾಲ ಲಾಸ್ ಏಂಜಲಿಸ್‌ನಲ್ಲಿ, ಮತ್ತೆ ನ್ಯೂಯಾರ್ಕಿನಲ್ಲಿ. ಹದಿಹರೆಯ ಮುಟ್ಟುವ ಹೊತ್ತಿಗೆ ಹುಡುಗ ತಾನೇ ಅಂಟಿನ ವಾಸನೆ ಹೀರಿ ಅಮಲೇರಿಸಿಕೊಳ್ಳುವುದನ್ನು ಕಲಿತಿದ್ದ.

ಇಂಥ ಮನೆಯ ಕಥೆಯನ್ನು ಹೇಳುವಾಗ ತಂದೆತಾಯಿಯನ್ನು ಶಪಿಸುವುದು ಸುಲಭ. ರಾಡ್ಜರ್ಸ್ ಹಾಗೆ ಮಾಡಿಲ್ಲ. 2011ರಲ್ಲಿ ಬಂದ ‘ಲ ಫ್ರೀಕ್’ ಎಂಬ ತಮ್ಮ ಆತ್ಮಕಥೆಯಲ್ಲಿ ಅವರು ಆ ಮನೆಯನ್ನು ಪ್ರೀತಿಯಿಂದಲೇ ನೆನೆಯುತ್ತಾರೆ. ಅವರು ಹೇಳಿಕೊಂಡಿರುವ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಶಾಲೆಯಲ್ಲಿ ಕೊಳಲು, ಕ್ಲಾರಿನೆಟ್ ಕಲಿತಿದ್ದ ಹುಡುಗನ ಕೈಗೆ ಗಿಟಾರ್ ಬಂತು. ಬೀಟಲ್ಸ್ ಹಾಡುಗಳ ಪುಸ್ತಕವನ್ನು ಎದುರಿಗಿಟ್ಟುಕೊಂಡು ಅದರಲ್ಲಿ ತೋರಿಸಿದ ಹಾಗೆಯೇ ಬೆರಳಿಟ್ಟು ಮೀಟುತ್ತಿದ್ದಾನೆ. ಎಷ್ಟು ಮೀಟಿದರೂ ಕರ್ಕಶ. ತನ್ನಲ್ಲೇ ದೋಷವಿದೆ ಎಂದುಕೊಂಡು ಮತ್ತೆ ಮತ್ತೆ ಅದನ್ನೇ ಮಾಡುತ್ತಿದ್ದಾನೆ. ಒಂದು ದಿನ ತಾಯಿಯ ಗೆಳೆಯನೊಬ್ಬ ಗಿಟಾರನ್ನು ಕೈಗೆತ್ತಿಕೊಂಡು, ಕಿವಿ ತಿರುಪಿ, ಶ್ರುತಿ ಮಾಡಿ ಹಿಂದಕ್ಕೆ ಕೊಟ್ಟ. ಹುಡುಗ ಮತ್ತೆ ಅದೇ ಜಾಗದಲ್ಲಿ ಬೆರಳಿಟ್ಟು ಮೀಟಿದರೆ ‘ಎ ಡೇ ಇನ್ ದ ಲೈಫ್’ ಹಾಡು ಹೊರಟಿತು. ಬೆರಳುಗಳು ಮೊದಲಿನಿಂದಲೂ ಸರಿಯಾಗಿಯೇ ಇದ್ದವು, ತಂತಿಗಳು ಶ್ರುತಿಯಲ್ಲಿರಲಿಲ್ಲ. ಎಷ್ಟೋ ಮಕ್ಕಳ ಬೆರಳು ಸರಿಯಾಗಿಯೇ ಇರುತ್ತದೆ. ಶ್ರುತಿ ಮಾಡಿಕೊಡುವವರು ಒಬ್ಬರು ಬಂದು ಎರಡು ನಿಮಿಷ ಕೂರದೆ ಹೋದರೆ ಆ ಮಕ್ಕಳು ತಾವೇ ತಪ್ಪು ಎಂದುಕೊಂಡು ವಾದ್ಯ ಕೆಳಗಿಡುತ್ತವೆ. ಅಷ್ಟು ಮುರಿದುಬಿದ್ದ ಮನೆಯಲ್ಲೂ ಅಂಥವನೊಬ್ಬ ಹಾದುಹೋದ ಎಂಬುದನ್ನು ನಾನು ಮರೆಯಲಾರೆ.

ಹದಿಹರೆಯದಲ್ಲಿ ಅವರು ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ನ್ಯೂಯಾರ್ಕ್ ಘಟಕದಲ್ಲಿ ದುಡಿದರು. ಮುಂದೆ ಮಕ್ಕಳ ಪ್ರಸಿದ್ಧ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ ಊರೂರು ಸುತ್ತುವಾಗ ಅದರ ವಾದ್ಯವೃಂದದಲ್ಲಿ ನುಡಿಸಿದರು. ಹಾರ್ಲೆಮ್‌ನ ಅಪೊಲೊ ಥಿಯೇಟರಿನ ಖಾಯಂ ವಾದ್ಯವೃಂದದಲ್ಲೂ ಇದ್ದರು. ಇದೇ ಕಾಲದಲ್ಲಿ, 1970ರ ಸುಮಾರಿಗೆ, ಬರ್ನಾರ್ಡ್ ಎಡ್ವರ್ಡ್ಸ್ ಪರಿಚಯವಾದದ್ದು. ಎಡ್ವರ್ಡ್ಸ್ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾ ಬಾಸ್ ಗಿಟಾರ್ ನುಡಿಸುತ್ತಿದ್ದ ಶಿಸ್ತಿನ ಮನುಷ್ಯ. ಫೋನಿನಲ್ಲಿ ಮೊದಲ ಸಲ ಮಾತಾಡಿದಾಗ ರಾಡ್ಜರ್ಸ್ ಅವರ ಪ್ರಯೋಗಶೀಲ ಸಂಗೀತದ ಮಾತುಗಳಿಗೆ ಬೇಸತ್ತು, ಇನ್ನು ಮುಂದೆ ನನಗೆ ಫೋನ್ ಮಾಡಬೇಡ ಎಂದೇ ಹೇಳಿಬಿಟ್ಟರಂತೆ. ಆಮೇಲೊಂದು ದಿನ ಗುರುತಿಲ್ಲದೆಯೇ ಒಂದೇ ವೇದಿಕೆಯಲ್ಲಿ ನುಡಿಸಬೇಕಾಗಿ ಬಂತು. ಅಂದಿನಿಂದ ಇಬ್ಬರೂ ಬಿಟ್ಟಿರಲಿಲ್ಲ.

ರಾಡ್ಜರ್ಸ್ ಅವರನ್ನು ಲೋಕ ಇಂದು ಗುರುತಿಸುವ ಆ ವಿಶಿಷ್ಟ ಗಿಟಾರ್ ಶೈಲಿಗೆ ದಾರಿ ತೋರಿಸಿದ್ದು ಎಡ್ವರ್ಡ್ಸ್. ಜಾಝ್ ವಾದಕರು ಬಳಸುವ ದಪ್ಪ ಗಿಟಾರನ್ನು ಬಿಟ್ಟು ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಹಿಡಿ ಎಂದು ಅವರು ಒತ್ತಾಯಿಸುತ್ತಿದ್ದರು. ಕೊನೆಗೆ ಮಯಾಮಿಯಲ್ಲಿ ರಾಡ್ಜರ್ಸ್ ತಮ್ಮ ಗಿಟಾರನ್ನು ಕೊಟ್ಟು ಒಂದು ಹಳೆಯ ಬಿಳಿಯ ಸ್ಟ್ರಾಟೊಕ್ಯಾಸ್ಟರ್ ಪಡೆದುಕೊಂಡರು. ಅದೇ ಮುಂದೆ ‘ಹಿಟ್‌ಮೇಕರ್’ ಎಂದು ಹೆಸರಾಯಿತು. ಆ ನುಡಿಸಾಣಿಕೆಗೆ ಗಿಟಾರ್ ವಾದಕರು ‘ಚಕಿಂಗ್’ ಎನ್ನುತ್ತಾರೆ. ಬಲಗೈ ಒಂದು ಕ್ಷಣವೂ ನಿಲ್ಲದೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ, ಒಂದೊಂದು ಎಣಿಕೆಗೆ ನಾಲ್ಕು ಸಲ. ಎಡಗೈ ಬೆರಳು ತಂತಿಯನ್ನು ಒತ್ತಿದಾಗ ಮಾತ್ರ ಸ್ವರ. ಸಡಿಲಿಸಿದಾಗ ಬರೀ ‘ಚಕ್’ ಎಂಬ ಸದ್ದು. ಹದಿನಾರು ಮೀಟಿನಲ್ಲಿ ಸ್ವರವಾಗಿ ಕೇಳುವುದು ಕೆಲವೇ ಕೆಲವು. ಉಳಿದವೆಲ್ಲ ಆ ಕೆಲವನ್ನು ಎತ್ತಿ ಹಿಡಿಯುವ ಕೆಲಸ ಮಾಡುತ್ತವೆ. ಕುಣಿಯುವವರ ಕಾಲಿಗೆ ತಾಗುವುದು ಆ ಬಲಗೈಯ ಬಿಡುವಿಲ್ಲದ ಓಡಾಟವೇ. ಒಂದು ಸಲ ಅವರ ಬಲ ಮಣಿಕಟ್ಟನ್ನೇ ನೋಡುತ್ತಾ ಒಂದು ಹಾಡು ಪೂರ್ತಿ ಕೇಳಿ. ಅಷ್ಟು ಸಲೀಸಾಗಿ ಕಾಣುವುದರ ಹಿಂದೆ ಎಷ್ಟು ವರ್ಷದ ಸಾಧನೆ ಇದ್ದೀತು ಎಂದು ಬೆರಗಾಗುತ್ತದೆ.

ಇಬ್ಬರೂ ಡ್ರಮ್ಮರ್ ಟೋನಿ ಥಾಂಪ್ಸನ್ ಜೊತೆ ಸೇರಿ ‘ಶೀಕ್’ ಎಂಬ ತಂಡ ಕಟ್ಟಿದರು. 1977ರಲ್ಲಿ ಮೊದಲ ಹಾಡು ಬಂತು. ಸೂಟು ತೊಟ್ಟು, ಅಚ್ಚುಕಟ್ಟಾಗಿ, ಘನತೆಯಿಂದ ನಿಂತು ನುಡಿಸುವ ಕಪ್ಪು ಜನರ ತಂಡ. ಆ ವರ್ಷದ ಡಿಸೆಂಬರ್ 31ರ ರಾತ್ರಿ ನ್ಯೂಯಾರ್ಕಿನ ಸ್ಟುಡಿಯೋ 54 ಎಂಬ ಹೆಸರಾಂತ ಡಿಸ್ಕೋಗೆ ಗಾಯಕಿ ಗ್ರೇಸ್ ಜೋನ್ಸ್ ರಾಡ್ಜರ್ಸ್, ಎಡ್ವರ್ಡ್ಸ್ ಇಬ್ಬರನ್ನೂ ಆಹ್ವಾನಿಸಿದ್ದರು. ಬಾಗಿಲಲ್ಲಿದ್ದವನ ಪಟ್ಟಿಯಲ್ಲಿ ಇವರ ಹೆಸರಿರಲಿಲ್ಲ. ಒಳಗೆ ಇವರದೇ ಹಾಡಿಗೆ ಜನ ಕುಣಿಯುವ ಜಾಗ. ಹೊರಗೆ ಚಳಿಯಲ್ಲಿ ಇವರು. ಹತ್ತಿರದಲ್ಲೇ ಇದ್ದ ರಾಡ್ಜರ್ಸ್ ಮನೆಗೆ ವಾಪಸಾಗಿ, ಸಿಟ್ಟಿನಲ್ಲಿ ಆ ಬಾಗಿಲು ಕಾಯುವವನನ್ನು ಬೈಯುವ ಮಾತನ್ನೇ ರಾಗಕ್ಕೆ ಹಾಕಿ ಹಾಡಿಕೊಂಡರು. ಬೈಗುಳವನ್ನು ತೆಗೆದು ಬೇರೆ ಪದ ಕೂರಿಸಿದಾಗ ಅದು ‘ಲ ಫ್ರೀಕ್’ ಆಯಿತು. 1978ರ ಕೊನೆಯಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಆ ಹಾಡು, ಹೊರತಂದ ಕಂಪನಿಯ ಇತಿಹಾಸದಲ್ಲೇ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಎಂಬ ಹೆಸರನ್ನು ಬಹಳ ವರ್ಷ ಉಳಿಸಿಕೊಂಡಿತು. ಈ ಕಥೆಯನ್ನು ಅವಮಾನವೇ ಗೆಲುವಿನ ಮೆಟ್ಟಿಲು ಎಂಬ ಉಪದೇಶಕ್ಕೆ ಬಳಸುವವರಿದ್ದಾರೆ. ನನಗೆ ಅದು ಒಪ್ಪುವುದಿಲ್ಲ. ಬಾಗಿಲಿಂದ ತಳ್ಳಿಸಿಕೊಂಡ ಸಾವಿರಾರು ಜನ ಹಾಡು ಬರೆಯದೆ ಮನೆಗೆ ಹೋಗಿ ಮಲಗುತ್ತಾರೆ. ಇವರಿಗೆ ಹಾಡಾಗಿ ಬಂದದ್ದು ಕೈಯಲ್ಲಿ ವಿದ್ಯೆ ಇತ್ತು, ಪಕ್ಕದಲ್ಲಿ ಗೆಳೆಯನಿದ್ದ ಎಂಬ ಕಾರಣಕ್ಕೆ. ಅವಮಾನಕ್ಕೆ ಸಲ್ಲದ ಶ್ರೇಯಸ್ಸನ್ನು ಅವಮಾನಕ್ಕೆ ಕೊಡಬಾರದು.

ತಮ್ಮ ಪ್ರತಿ ಹಾಡಿನಲ್ಲೂ ಮೇಲಿನ ಕುಣಿತದ ಕೆಳಗೆ ಒಂದು ಅಡಗಿದ ಅರ್ಥ ಇರಲೇಬೇಕು ಎಂಬುದು ರಾಡ್ಜರ್ಸ್ ಮತ್ತು ಎಡ್ವರ್ಡ್ಸ್ ಇಟ್ಟುಕೊಂಡಿದ್ದ ನಿಯಮ. 1979ರ ‘ಗುಡ್ ಟೈಮ್ಸ್’ ಹಾಡನ್ನೇ ನೋಡಿ. ಆಗ ಅಮೆರಿಕದಲ್ಲಿ ಬೆಲೆ ಏರಿಕೆ, ಪೆಟ್ರೋಲ್ ಬಂಕುಗಳ ಮುಂದೆ ಉದ್ದನೆಯ ಸಾಲು. ನಾಲ್ಕೇ ವರ್ಷದ ಹಿಂದೆ ನ್ಯೂಯಾರ್ಕ್ ನಗರವೇ ದಿವಾಳಿಯ ಅಂಚಿಗೆ ಬಂದಿತ್ತು. ಇಂಥ ಹೊತ್ತಿನಲ್ಲಿ ಒಳ್ಳೆಯ ದಿನ ಬಂತು ಎಂದು ಹಾಡುವುದೇ ಎಂದು ಕೆಲವರು ಹುಬ್ಬೇರಿಸಿದರು. ಆದರೆ ಆ ಹಾಡಿನ ಸಾಹಿತ್ಯದಲ್ಲಿ 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲಕ್ಕೆ ಸೇರಿದ ಹಳೆಯ ಹಾಡುಗಳ ನೆನಪನ್ನು ಬೇಕೆಂದೇ ಹೆಣೆಯಲಾಗಿತ್ತು. ಹೊಟ್ಟೆಗಿಲ್ಲದ ಕಾಲದಲ್ಲಿ ಅಜ್ಜ ಅಜ್ಜಿಯರು ಹಾಡಿ ಕುಣಿದಿದ್ದರಲ್ಲ, ಆ ಧೈರ್ಯವನ್ನು ಮೊಮ್ಮಕ್ಕಳಿಗೆ ದಾಟಿಸುವ ಹಾಡು ಅದು. ಹೆರಾಯಿನ್ ಮನೆಯಲ್ಲಿ ಬೆಳೆದವರಿಗೆ, ಅಂಚೆ ಕಚೇರಿಯ ಪಾಳಿ ಮುಗಿಸಿ ನುಡಿಸಲು ಓಡುತ್ತಿದ್ದವರಿಗೆ ಕಷ್ಟ ಗೊತ್ತಿಲ್ಲ ಎಂದು ಹೇಳುವುದಾದರೂ ಹೇಗೆ? ಕಷ್ಟ ಗೊತ್ತಿದ್ದುದರಿಂದಲೇ ಅವರು ಅದರ ವರದಿ ಬರೆಯುತ್ತಾ ಕೂರದೆ, ಕಷ್ಟದಲ್ಲಿರುವವರಿಗೆ ಮೂರು ನಾಲ್ಕು ನಿಮಿಷ ಬೆನ್ನು ನೆಟ್ಟಗೆ ಮಾಡಿಕೊಳ್ಳುವಂಥದ್ದನ್ನು ಕಟ್ಟಿಕೊಟ್ಟರು.

ಆ ಹಾಡಿನ ಧ್ವನಿಮುದ್ರಣದ ದಿನ ಎಡ್ವರ್ಡ್ಸ್ ತಡವಾಗಿ ಬಂದರಂತೆ. ರಾಡ್ಜರ್ಸ್ ಮತ್ತು ಥಾಂಪ್ಸನ್ ಆಗಲೇ ನುಡಿಸಲು ಶುರು ಮಾಡಿದ್ದರು. ಅವಸರದಲ್ಲಿ ಬಾಸ್ ಎತ್ತಿಕೊಂಡ ಗೆಳೆಯನಿಗೆ ರಾಡ್ಜರ್ಸ್, ಹೆಜ್ಜೆ ಹಾಕುವಂತೆ ಸ್ವರಗಳ ಮೇಲೆ ನಡೆ ಎಂದು ಕೂಗಿ ಹೇಳಿದರು. ಹಾಗೆ ಹುಟ್ಟಿದ ಆ ಬಾಸ್ ನಡೆ ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತದಲ್ಲಿ ಅತಿ ಹೆಚ್ಚು ಎರವಲು ಪಡೆದವುಗಳಲ್ಲೊಂದು. ಅದೇ ವರ್ಷ ಶುಗರ್‌ಹಿಲ್ ಗ್ಯಾಂಗ್ ತಂಡದ ‘ರ‍್ಯಾಪರ್ಸ್ ಡಿಲೈಟ್’ ಅದನ್ನೇ ಬುನಾದಿಯಾಗಿಟ್ಟುಕೊಂಡು ರ‍್ಯಾಪ್ ಸಂಗೀತವನ್ನು ಮನೆಮನೆಗೆ ಒಯ್ದಿತು. ಆ ಹಾಡಿನಲ್ಲಿ ಮೊದಲು ರಾಡ್ಜರ್ಸ್, ಎಡ್ವರ್ಡ್ಸ್ ಹೆಸರೇ ಇರಲಿಲ್ಲ. ಕಾನೂನಿನ ಮಾತೆತ್ತಿದ ಮೇಲೆ ಕರ್ತೃಗಳೆಂದು ಸೇರಿಸಲಾಯಿತು.

ಇಷ್ಟರಲ್ಲೇ ಗಾಳಿ ತಿರುಗಿತ್ತು. 1979ರ ಜುಲೈ 12ರಂದು ಶಿಕಾಗೋದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ, ಸ್ಟೀವ್ ಡಾಲ್ ಎಂಬ ರೇಡಿಯೋ ನಿರೂಪಕ ಡಿಸ್ಕೋ ರೆಕಾರ್ಡುಗಳನ್ನು ಸ್ಫೋಟಿಸುವ ಕಾರ್ಯಕ್ರಮ ನಡೆಸಿದ. ಒಂದು ರೆಕಾರ್ಡ್ ತಂದುಕೊಟ್ಟರೆ 98 ಸೆಂಟಿಗೆ ಪ್ರವೇಶ. ಸುಮಾರು 50 ಸಾವಿರ ಜನ ಸೇರಿದರು. ಸ್ಫೋಟವಾದ ಮೇಲೆ ಸಾವಿರಾರು ಮಂದಿ ಮೈದಾನಕ್ಕೆ ನುಗ್ಗಿದರು, ಪೊಲೀಸರು ಬರಬೇಕಾಯಿತು, ಎರಡನೆಯ ಪಂದ್ಯ ನಡೆಯಲೇ ಇಲ್ಲ. ಡಿಸ್ಕೋ ಹೆಸರಿನಲ್ಲಿ ಆಗ ಕಸವೂ ಬೇಕಾದಷ್ಟು ಬರುತ್ತಿತ್ತು, ರೇಡಿಯೋ ತುಂಬ ಅದೇ ಆಗಿ ಜನಕ್ಕೆ ರೇಜಿಗೆ ಹಿಡಿದಿತ್ತು ಎಂಬುದು ನಿಜ. ಆದರೆ ಬೇಸರ ಬಂದ ಸಂಗೀತವನ್ನು ಜನ ಸುಮ್ಮನೆ ಕೇಳುವುದನ್ನು ಬಿಡುತ್ತಾರೆ, ಮದ್ದಿಟ್ಟು ಉಡಾಯಿಸುವುದಿಲ್ಲ. ಅಂದು ಆ ಮೈದಾನದಲ್ಲಿ ಪ್ರೇಕ್ಷಕರಿಗೆ ಜಾಗ ತೋರಿಸುವ ಕೆಲಸದಲ್ಲಿದ್ದ ಕಪ್ಪು ಹುಡುಗ ವಿನ್ಸ್ ಲಾರೆನ್ಸ್ ಮುಂದೆ ತಾನೇ ಸಂಗೀತಗಾರನಾದ. ಜನ ತಂದು ಹಾಕಿದ ರೆಕಾರ್ಡುಗಳಲ್ಲಿ ಡಿಸ್ಕೋ ಅಲ್ಲದವೂ ಎಷ್ಟೋ ಇದ್ದವು, ಅವು ಕಪ್ಪು ಜನರ ಹಾಡು ಎಂಬುದಷ್ಟೇ ಸಾಕಾಗಿತ್ತು ಎಂದು ಆತ ನೆನಪಿಸಿಕೊಂಡಿದ್ದಾನೆ. ಡಿಸ್ಕೋ ಹುಟ್ಟಿದ್ದೇ ಕಪ್ಪು ಜನರು, ಲ್ಯಾಟಿನ್ ಮೂಲದವರು, ಸಲಿಂಗಿಗಳು ಸೇರುತ್ತಿದ್ದ ಕ್ಲಬ್ಬುಗಳಲ್ಲಿ. ಬೇರೆಡೆ ಮನಸ್ಸು ಬಿಚ್ಚಿ ಕುಣಿಯಲು ಜಾಗವಿಲ್ಲದವರ ನಡುವೆ. ರಾಡ್ಜರ್ಸ್ ಅವರಿಗೆ ಆ ದೃಶ್ಯ ನಾಜಿಗಳು ಪುಸ್ತಕ ಸುಟ್ಟದ್ದನ್ನು ನೆನಪಿಸಿತು.

ಡಿಸ್ಕೋ ನಮ್ಮಿಂದ ದೂರದ ಮಾತೂ ಅಲ್ಲ. ಬೆಂಗಳೂರಿನಲ್ಲಿ ಬೆಳೆದು ಲಂಡನ್ನಿಗೆ ಹೋಗಿದ್ದ ಬಿದ್ದು ಅಪ್ಪಯ್ಯ ಅದೇ ದಶಕದಲ್ಲಿ ‘ಕುಂಗ್ ಫೂ ಫೈಟಿಂಗ್’ ಹಾಡನ್ನು ರೂಪಿಸಿ 1974ರಲ್ಲಿ ಲೋಕವನ್ನು ಕುಣಿಸಿದ್ದರು. 1980ರಲ್ಲಿ ‘ಕುರ್ಬಾನಿ’ ಚಿತ್ರಕ್ಕೆ ಹದಿಹರೆಯದ ನಾಜಿಯಾ ಹಸನ್ ದನಿಯಲ್ಲಿ ಅವರು ಕೊಟ್ಟ ಹಾಡು ನಮ್ಮ ಊರುಗಳ ಮೈಕುಗಳಲ್ಲೂ ಮೊಳಗಿತು. ಅವರ ಸಾಧನೆಯ ಬಗ್ಗೆ ಕನ್ನಡದಲ್ಲಿ ನಾವು ಬರೆದಿರುವುದು ತೀರ ಕಡಿಮೆ. ಕುಣಿಸುವ ಹಾಡಿನ ಬಗೆಗಿನ ಅದೇ ತಾತ್ಸಾರ ಇಲ್ಲೂ ಇದೆ ಎಂದೇ ನನ್ನ ಅನಿಸಿಕೆ.

‘ಗುಡ್ ಟೈಮ್ಸ್’ 1979ರ ಆಗಸ್ಟಿನಲ್ಲಿ ಅಮೆರಿಕದ ಮೊದಲ ಸ್ಥಾನಕ್ಕೆ ಬಂತು. ಮುಂದಿನ ವಾರವೇ ಒಂದು ರಾಕ್ ಹಾಡು ಅದನ್ನು ಇಳಿಸಿತು. ಅಲ್ಲಿಂದಾಚೆ ಶೀಕ್ ತಂಡದ ಒಂದು ಹಾಡೂ ಅಲ್ಲಿನ ಮೊದಲ 40ರ ಪಟ್ಟಿಗೆ ಏರಲಿಲ್ಲ. ವಿದ್ಯೆ ಅದೇ, ಕೈ ಅದೇ, ಆದರೆ ಹೆಸರಿಗೆ ಕಳಂಕ ಅಂಟಿತ್ತು. ರಾಡ್ಜರ್ಸ್ ಬೇರೆಯವರ ಹಾಡುಗಳ ಹಿಂದಕ್ಕೆ ಸರಿದರು. ಹಾಡಿಗೆ ಯಾವ ವಾದ್ಯ, ಯಾವ ನಡೆ, ಎಲ್ಲಿ ನಿಲುಗಡೆ, ಯಾವ ಸಾಲು ಮೊದಲು ಎಂದು ನಿರ್ಧರಿಸಿ, ಸ್ಟುಡಿಯೋದಲ್ಲಿ ಎಲ್ಲರನ್ನೂ ಒಂದು ಗುರಿಗೆ ನಡೆಸುವ ಪ್ರೊಡ್ಯೂಸರ್ ಆಗಿ ದುಡಿದರು. ಸಿಸ್ಟರ್ ಸ್ಲೆಡ್ಜ್ ತಂಡಕ್ಕೆ ‘ವಿ ಆರ್ ಫ್ಯಾಮಿಲಿ’ಯನ್ನು ಎಡ್ವರ್ಡ್ಸ್ ಜೊತೆ ಆಗಲೇ ಬರೆದಿದ್ದರು. 1980ರಲ್ಲಿ ಗಾಯಕಿ ಡಯಾನಾ ರಾಸ್ ಅವರ ಆಲ್ಬಂ ಇಬ್ಬರೂ ಸೇರಿಯೇ ಮಾಡಿದರು. ರೆಕಾರ್ಡ್ ಕಂಪನಿ ಇವರ ಮಿಶ್ರಣವನ್ನು ಬದಲಿಸಿತು, ಇವರು ತಮ್ಮ ಹೆಸರನ್ನೇ ತೆಗೆಸಬೇಕೆಂದುಕೊಂಡರು. ಆ ಆಲ್ಬಮ್ಮಿನ ‘ಐ ಆಮ್ ಕಮಿಂಗ್ ಔಟ್’ ಹಾಡಿಗೆ ಪ್ರೇರಣೆ ಬಂದದ್ದು ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ. ಡಯಾನಾ ರಾಸ್ ಹಾಗೆಯೇ ವೇಷ ಹಾಕಿಕೊಂಡ ಹಲವು ಗಂಡಸರನ್ನು ರಾಡ್ಜರ್ಸ್ ಒಟ್ಟಿಗೆ ಕಂಡಿದ್ದರು. ರಾಸ್ ಅವರನ್ನು ಇಷ್ಟು ಪ್ರೀತಿಸುವವರ ಮಾತನ್ನು ರಾಸ್ ಅವರ ಬಾಯಲ್ಲೇ ಹಾಡಿಸಬೇಕು ಅನಿಸಿತು. ಇಂದಿಗೂ ಎಷ್ಟೋ ಜನ ತಾವು ಸಲಿಂಗಿಗಳು ಎಂಬ ಗುಟ್ಟನ್ನು ಹೊರಗೆ ಹೇಳಿಕೊಳ್ಳುವ ದಿನ ಆ ಹಾಡನ್ನು ಆಸರೆಯಾಗಿ ಹಿಡಿಯುತ್ತಾರೆ.

ಗಾಯಕ ಡೇವಿಡ್ ಬೋವಿ ಸ್ವಿಟ್ಜರ್ಲೆಂಡಿನಲ್ಲಿ ‘ಲೆಟ್ಸ್ ಡಾನ್ಸ್’ ಹಾಡನ್ನು ಮೊದಲು ನುಡಿಸಿ ತೋರಿಸಿದಾಗ ಅದು ಜಾನಪದ ಧಾಟಿಯಲ್ಲಿತ್ತು. ಕುಣಿಯೋಣ ಎಂದು ಕರೆಯುವ ಹಾಡು ಕುಣಿಸಬೇಕಲ್ಲವೇ ಎಂದು ರಾಡ್ಜರ್ಸ್ ಅದನ್ನು ಬಿಚ್ಚಿ ಮತ್ತೆ ಕಟ್ಟಿದರು. 1983ರ ಆ ಆಲ್ಬಂ ಬೋವಿಯವರ ಅತಿ ಹೆಚ್ಚು ಮಾರಾಟವಾದ ಆಲ್ಬಂ. ಮರುವರ್ಷ ಗಾಯಕಿ ಮಡೋನಾ ಅವರ ‘ಲೈಕ್ ಎ ವರ್ಜಿನ್’. ಅದರಲ್ಲಿ ಬಾಸ್ ಎಡ್ವರ್ಡ್ಸ್, ಡ್ರಮ್ಸ್ ಥಾಂಪ್ಸನ್. ಜನ ತಿರಸ್ಕರಿಸಿದ ತಂಡವೇ ಬೇರೆಯವರ ಹೆಸರಿನ ಹಿಂದೆ ಕೂತು ಅದೇ ಜನರನ್ನು ಕುಣಿಸುತ್ತಿತ್ತು. ಜನಕ್ಕೆ ಅದು ಗೊತ್ತಿರಲಿಲ್ಲ. ಹೀಗೆ ಹಿಂದೆ ನಿಂತು ದುಡಿಯುವುದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು ಎಂದು ನಾನು ಯೋಚಿಸುತ್ತೇನೆ.

ದೊಡ್ಡ ಮನಸ್ಸಿನವರು ತಮ್ಮನ್ನು ತಾವು ನೋಡಿಕೊಳ್ಳುತ್ತಾರೆ ಎಂದೇನೂ ಇಲ್ಲ. 1980ರ ದಶಕ ಪೂರ್ತಿ ರಾಡ್ಜರ್ಸ್ ಕೊಕೇನ್ ಮತ್ತು ಕುಡಿತದಲ್ಲಿ ಮುಳುಗಿದ್ದರು. ಒಮ್ಮೆ ಆಸ್ಪತ್ರೆಯಲ್ಲಿ ಹೃದಯವೇ ನಿಂತುಹೋಗಿ, ವೈದ್ಯರು ಅದನ್ನು ಮತ್ತೆ ನಡೆಸಿದರು ಎಂದು ಅವರೇ ಹೇಳಿಕೊಂಡಿದ್ದಾರೆ. ಅಷ್ಟಾದರೂ ಬಿಡಲಿಲ್ಲ. ತಾನು ಬೆಳೆದ ಮನೆಯ ಚಟ ತನ್ನ ಮನೆಗೂ ಬಂದು ಕೂತಿತ್ತು. ಬಿಟ್ಟದ್ದು 1994ರಲ್ಲಿ. ಕಾರಣ ಸಾವಿನ ಭಯ ಅಲ್ಲ ಎಂಬುದೇ ನನಗೆ ಈ ಬದುಕಿನ ಅತಿ ಮುಖ್ಯ ಸಂಗತಿಯಾಗಿ ಕಾಣುತ್ತದೆ. ಮಯಾಮಿಯ ಕ್ಲಬ್ಬೊಂದರಲ್ಲಿ ಒಂದು ರಾತ್ರಿ ನುಡಿಸಿದ್ದರು. ಅಮೋಘವಾಗಿ ನುಡಿಸಿದೆ ಎಂದೇ ಅವರ ನಂಬಿಕೆ. ಯಾರೋ ಅದನ್ನು ಧ್ವನಿಮುದ್ರಿಸಿಕೊಂಡಿದ್ದರು. ಆಮೇಲೆ ಕೇಳಿದರೆ ನುಡಿಸಾಣಿಕೆ ಸಹಿಸಲಾರದಷ್ಟು ಕೆಟ್ಟದಾಗಿತ್ತು. ಅದೇ ದಿನಗಳಲ್ಲಿ ಅಮಲಿನಿಂದ ಮತಿಭ್ರಮಣೆಯೂ ಆಗಿತ್ತು. ಹೃದಯ ನಿಂತಾಗ ಕಲಿಯದ ಪಾಠವನ್ನು ಅಪಸ್ವರ ಕೇಳಿದಾಗ ಕಲಿತರು. ಚಿಕಿತ್ಸೆಗೆ ಸೇರಿದರು, ಮತ್ತೆ ಮುಟ್ಟಲಿಲ್ಲ.

ಇದನ್ನು ಕೇಳಿ ಕೆಲವರು, ಹಾಗಾದರೆ ಪ್ರಾಣಕ್ಕಿಂತ ಸಂಗೀತ ದೊಡ್ಡದಾಯಿತೇ ಎಂದಾರು. ನಾನು ಅದನ್ನು ಬೇರೆ ರೀತಿ ನೋಡುತ್ತೇನೆ. ಚಟ ಮನುಷ್ಯನಿಗೆ ಮೊದಲು ಕಲಿಸುವುದು ಸುಳ್ಳು ಹೇಳಿಕೊಳ್ಳುವುದನ್ನು: ನನಗೇನೂ ಆಗಿಲ್ಲ, ಎಲ್ಲ ನನ್ನ ಹಿಡಿತದಲ್ಲಿದೆ. ಮನೆಯವರ ಕಣ್ಣೀರನ್ನೂ ವೈದ್ಯರ ಮಾತನ್ನೂ ಆ ಸುಳ್ಳು ದಾಟಿ ಹೋಗಬಲ್ಲದು. ಆದರೆ ಪ್ರತಿಯೊಬ್ಬರಲ್ಲೂ ಸುಳ್ಳು ಒಪ್ಪದ ಒಂದು ಮೂಲೆ ಇರುತ್ತದೆ. ರೈತನಿಗೆ ಅದು ಬೆಳೆ, ಮೇಷ್ಟರಿಗೆ ತರಗತಿ, ತಾಯಿಗೆ ಮಗುವಿನ ಮುಖ. ರಾಡ್ಜರ್ಸ್ ಅವರಲ್ಲಿ ಅದು ಕಿವಿಯಾಗಿತ್ತು. ಅಷ್ಟೆಲ್ಲ ಹಾಳಾದ ಮೇಲೂ ಕಿವಿ ಹಾಳಾಗಿರಲಿಲ್ಲ, ಅದು ಅವರಿಗೆ ನಿಜ ಹೇಳಿತು. ಕುಣಿಸುವ ಸಂಗೀತ ಹಗುರ ಎನ್ನುವವರು ಈ ಮಾತನ್ನು ಸ್ವಲ್ಪ ತೂಗಿ ನೋಡಬೇಕು. ಹಗುರವಾಗಿ ಮಾಡಿದ ಕೆಲಸಕ್ಕೆ ಮನುಷ್ಯನನ್ನು ಸಾವಿನ ಬಾಯಿಂದ ಎಳೆದು ತರುವ ಶಕ್ತಿ ಇರುವುದಿಲ್ಲ.

ಚಟ ಬಿಟ್ಟ ಎರಡೇ ವರ್ಷಕ್ಕೆ ದೊಡ್ಡ ಪೆಟ್ಟು ಬಿತ್ತು. 1996ರ ಏಪ್ರಿಲ್ 17ರಂದು ಜಪಾನಿನ ಟೋಕಿಯೋದ ಬುಡೊಕಾನ್ ಸಭಾಂಗಣದಲ್ಲಿ ರಾಡ್ಜರ್ಸ್ ಅವರ ಗೌರವಾರ್ಥ ಕಛೇರಿ. ಎಡ್ವರ್ಡ್ಸ್ ಜ್ವರದಲ್ಲಿದ್ದರು, ವಿಶ್ರಾಂತಿ ಬೇಕಿತ್ತು. ಕಛೇರಿ ರದ್ದು ಮಾಡಲು ಅವರು ಒಪ್ಪಲಿಲ್ಲ. ನಡುವೆ ಒಂದು ಕಡೆ ಬಾಸ್ ಇದ್ದಕ್ಕಿದ್ದಂತೆ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂತು. ಗೆಳೆಯ ಎಷ್ಟು ಸೊಗಸಾದ ಬಿಡುವು ಕೊಟ್ಟ ಎಂದು ರಾಡ್ಜರ್ಸ್ ವೇದಿಕೆಯಲ್ಲೇ ಮೆಚ್ಚಿಕೊಂಡರು. ಎಡ್ವರ್ಡ್ಸ್ ಆ ಹೊತ್ತಿನಲ್ಲಿ ಎಚ್ಚರ ತಪ್ಪಿದ್ದರು ಎಂಬುದು ತಿಳಿದದ್ದು ಆಮೇಲೆ. ಮರುದಿನ ಹೋಟೆಲಿನ ಕೋಣೆಯಲ್ಲಿ ಅವರು ತೀರಿಕೊಂಡಿದ್ದನ್ನು ಕಂಡವರು ರಾಡ್ಜರ್ಸ್ ಅವರೇ. ನ್ಯುಮೋನಿಯಾ. ವಯಸ್ಸು 43. ಇಪ್ಪತ್ತೈದು ವರ್ಷ ಒಬ್ಬರ ಉಸಿರನ್ನು ಇನ್ನೊಬ್ಬರು ಅರಿತು ನುಡಿಸಿದವರು. ಕೊನೆಯ ರಾತ್ರಿ ಆ ಮೌನವನ್ನು ಸಂಗೀತ ಎಂದುಕೊಂಡರು. ಅದರ ನೋವನ್ನು ಅಳೆಯುವುದು ನನ್ನಿಂದಾಗದು. 2003ರಲ್ಲಿ ಥಾಂಪ್ಸನ್ ಕೂಡ ಕ್ಯಾನ್ಸರಿನಿಂದ ಹೋದರು.

ಉಳಿದವರು ರಾಡ್ಜರ್ಸ್ ಒಬ್ಬರೇ. 2010ರಲ್ಲಿ ಅವರಿಗೂ ಪ್ರಾಸ್ಟೇಟ್ ಕ್ಯಾನ್ಸರ್, ಅದೂ ಬೇಗ ಹಬ್ಬುವ ಬಗೆಯದು. ಅವರು ಮಾಡಿದ್ದು ಒಂದೇ: ಇನ್ನೂ ಹೆಚ್ಚು ನುಡಿಸಿದರು. ಫ್ರಾನ್ಸಿನ ಡಾಫ್ಟ್ ಪಂಕ್ ಜೋಡಿಯೊಡನೆ ಮಾಡಿದ ‘ಗೆಟ್ ಲಕ್ಕಿ’ 2013ರಲ್ಲಿ ಲೋಕವೆಲ್ಲ ಸುತ್ತಿತು, ಮರುವರ್ಷ ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಆಗ ಕುಣಿದ ಹುಡುಗ ಹುಡುಗಿಯರಲ್ಲಿ ಅನೇಕರು 1979ರಲ್ಲಿ ಹುಟ್ಟಿಯೇ ಇರಲಿಲ್ಲ. ಆ ಹಾಡಿನ ತುಂಬ ಇರುವುದು ಎಡ್ವರ್ಡ್ಸ್ ಒತ್ತಾಯಿಸಿ ಕಲಿಸಿದ ಅದೇ ಬಲಗೈ. 2023ರಲ್ಲಿ ಗ್ರ್ಯಾಮಿಯ ಜೀವಮಾನ ಸಾಧನೆಯ ಗೌರವ, 2024ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ.

ಆದರೆ ಒಂದು ಗೌರವದ ಕಥೆ ಮನಸ್ಸಿಗೆ ಚುಚ್ಚುತ್ತದೆ. ಅಮೆರಿಕದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಶೀಕ್ ತಂಡದ ಹೆಸರು 11 ಸಲ ನಾಮನಿರ್ದೇಶನಗೊಂಡಿತು. 11 ಸಲವೂ ಮತ ಸಾಲಲಿಲ್ಲ. 2017ರಲ್ಲಿ ತಂಡವನ್ನು ಬಿಟ್ಟು ರಾಡ್ಜರ್ಸ್ ಒಬ್ಬರಿಗೆ ವಿಶೇಷ ಗೌರವ ಕೊಟ್ಟರು. ಮುಳುಗುವ ಹಡಗಿನಿಂದ ತಮ್ಮೊಬ್ಬರನ್ನು ಎತ್ತಿಕೊಂಡು ಮನೆಯವರನ್ನು ಅಲ್ಲೇ ಬಿಟ್ಟಂತೆ ಆಯಿತು ಎಂಬರ್ಥದಲ್ಲಿ ಅವರು ಸಂಕಟ ತೋಡಿಕೊಂಡರು. ನನಗೆ ಆ ಸಂಕಟ ಪೂರ್ತಿ ನ್ಯಾಯವಾದದ್ದು ಅನಿಸುತ್ತದೆ. ಇಬ್ಬರು ಮೂವರು ಒಟ್ಟಿಗೆ ಕಟ್ಟಿದ್ದನ್ನು ಬದುಕುಳಿದ ಒಬ್ಬರ ಹೆಸರಿಗೆ ಬರೆದುಬಿಡುವುದು ಗೌರವ ಅಲ್ಲ, ಮರೆವು. ಹಾಡು ಕಟ್ಟುವವರನ್ನು ನಾವೂ ಹೀಗೆಯೇ ಮರೆಯುತ್ತೇವೆ. ಹಾಡಿದವರ ಹೆಸರು ನಾಲಿಗೆಯ ತುದಿಯಲ್ಲಿರುತ್ತದೆ. ನುಡಿಸಿದವರ, ಕಟ್ಟಿದವರ ಹೆಸರು ಕೇಳಿದರೆ ತಡವರಿಸುತ್ತೇವೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಸಾಧ್ಯವಾದಾಗ ‘ಗುಡ್ ಟೈಮ್ಸ್’ ಹಾಡನ್ನು ಒಮ್ಮೆ ಕೂತು ಕೇಳಿ. ಹಾಡುವವರ ದನಿಯನ್ನು ಸ್ವಲ್ಪ ಹೊತ್ತು ಬಿಟ್ಟು, ಕೆಳಗೆ ನಡೆಯುತ್ತಿರುವ ಬಾಸ್ ಗಿಟಾರನ್ನಷ್ಟೇ ಹಿಂಬಾಲಿಸಿ. ಅದನ್ನು ನುಡಿಸಿದವರ ಹೆಸರು ಬರ್ನಾರ್ಡ್ ಎಡ್ವರ್ಡ್ಸ್. ನೈಲ್ ರಾಡ್ಜರ್ಸ್ ಹೆಸರು ನೆನಪಿಟ್ಟುಕೊಳ್ಳುವವರು ಈ ಹೆಸರನ್ನೂ ನೆನಪಿಟ್ಟುಕೊಳ್ಳಬೇಕು.